ಮೇ ತಿಂಗಳ ಅಳಿಯ

ಬೇಸಿಗೆಯಲ್ಲಿ ಬೈಲಹೊಂಗಲದ ನಮ್ಮ ಮನೆಯ ಫ್ಯಾನು ಗಾಳಿ ಬೀಸುವುದಿಲ್ಲ. ಇರುವ ಸೆಕೆಯನ್ನೇ ಪಕ್ಷಪಾತವಿಲ್ಲದೆ ಎಲ್ಲರಿಗೂ ಹಂಚುತ್ತದೆ. ಅದರ ಕೆಳಗೆ ಬನಿಯನ್ನಿನಲ್ಲಿ ಬೆವರುತ್ತ ಕುಳಿತ ಸತ್ಪುರುಷನಿಗೆ ಮಾವನ ಮನೆಯ ನೆನಪಾದರೆ ತಪ್ಪೇನು, ನೀವೇ ಹೇಳಿ. ನನ್ನ ಹೆಂಡತಿಯ ತವರು ಸವದತ್ತಿಯ ಕಡೆ, ಅಣೆಕಟ್ಟಿನ ಕೆಳಗೆ, ಮಲಪ್ರಭೆಯ ದಂಡೆಯ ಮೇಲಿದೆ. ಮದುವೆಯಾದ ಮೂವತ್ತು ವರ್ಷವೂ ನಾನು ಅಲ್ಲಿಗೆ ಸಂಸಾರಸಮೇತ ಹೋದದ್ದು ಮೇ ತಿಂಗಳಲ್ಲೇ. ಇದರ ಗುಪ್ತ ಕಾರಣವನ್ನು ನಿಮಗೆ ಮಾತ್ರ ಹೇಳುತ್ತೇನೆ: ಮೇ ತಿಂಗಳಲ್ಲಿ ಆ ಹೊಳೆಯಲ್ಲಿ ನೀರಿರುವುದಿಲ್ಲ.

ಕನ್ಯೆ ನೋಡಲು ಹೋದಾಗ ಮಾವನವರು ಸಂಬಳ ಕೇಳಲಿಲ್ಲ, ಜಾತಕ ಕೇಳಲಿಲ್ಲ. "ಈಸಾಕ ಬರ್ತದೇನ್ರಿ?" ಎಂದರು. ಹುಟ್ಟೂರು ನೇಸರಗಿಯ ಬಾವಿಯಲ್ಲಿ ಗೆಳೆಯರೆಲ್ಲ ಈಸುವಾಗ ದಂಡೆಯಲ್ಲಿ ಕುಳಿತು ಅವರ ಅಂಗಿ-ಚಡ್ಡಿಗಳಿಗೆ ನಿಷ್ಠೆಯಿಂದ ಕಾವಲು ಕಾದವನು ನಾನು. ಆದರೆ ಬಾಗಿಲ ಸಂದಿಯಲ್ಲಿ ಎರಡು ಕಣ್ಣು ಕಂಡವು. "ಓಹೋ, ಬರ್ತದ್ರಿ!" ಎಂದುಬಿಟ್ಟೆ. ಅಂದಿನಿಂದ ಬತ್ತಿದ ಹೊಳೆಯ ಮುಂದೆ ನಿಂತು, "ನೀರಿದ್ರ ತೋರಸ್ತಿದ್ದೆ" ಎಂದು ನಿಟ್ಟುಸಿರು ಬಿಡುವುದು ನನ್ನ ವಾರ್ಷಿಕ ವ್ರತವಾಯಿತು.

ಈ ವರ್ಷ ನಾವು ಬಸ್ಸಿಳಿದ ದಿನವೇ, ಕೆಳಗಿನ ಊರುಗಳ ಕುಡಿಯುವ ನೀರಿಗೆಂದು ಅಣೆಕಟ್ಟಿನ ಬಾಗಿಲು ತೆರೆದಿದ್ದರು. ಸೆಕೆಗೆ ಬೆಂದ ಊರಿಗೆ ಊರೇ ಟ್ರ್ಯಾಕ್ಟರ್ ಟ್ಯೂಬು, ಖಾಲಿ ಕ್ಯಾನು ಹಿಡಿದು ದಂಡೆಯ ಗುಡಿಯ ಮೆಟ್ಟಿಲಲ್ಲಿ ನೀರಿಗಿಳಿದು, ತೇಲುತ್ತ ಹೋಗಿ, ಹೊಳೆ ಹರಿಯುವ ದಿಕ್ಕಿಗೆ ತುಸು ಕೆಳಗಿದ್ದ ಇನ್ನೊಂದು ಮೆಟ್ಟಿಲಸಾಲಿನಲ್ಲಿ ಏಳುತ್ತಿತ್ತು. ಹೆಂಡತಿಯ ತಮ್ಮ ಬಸಣ್ಣ ಕುಣಿದಾಡಿದ. "ಬರ್ರಿ ಮಾಮಾರ, ಇವತ್ತ ನೀರು ಬಂದೈತಿ, ತೋರಸ್ರಿ!" ಮುದಿ ಮಾವನವರೂ ಕೋಲೂರಿಕೊಂಡು ಬಂದು ಮೆಟ್ಟಿಲ ಮೇಲೆ ಕುಳಿತರು. ಮಾನವೋ ಪ್ರಾಣವೋ, ಒಂದನ್ನು ಬಿಡಲೇಬೇಕಿತ್ತು.

"ವಯಸ್ಸಾತು, ಟ್ಯೂಬಿನ್ಯಾಗ ಕುಂತ ಹೋಗ್ತೇನಿ" ಎಂದು ಉಪಾಯ ಹೂಡಿದೆ. ಆಹಾ, ಬೆನ್ನಿಗೆ ತಂಪು, ಹೊಟ್ಟೆಗೆ ಬಿಸಿಲು! ಆ ಸುಖಕ್ಕೆ ಕಣ್ಣು ಮುಚ್ಚಿದ್ದೇ ತಪ್ಪಾಯಿತು. ಕಣ್ಣು ತೆರೆದಾಗ ಟ್ಯೂಬು ನಡುಹೊಳೆಯಲ್ಲಿ ಗರಗರ ತಿರುಗುತ್ತಿತ್ತು. ಕಾಲಿಗೆ ನೆಲ ಸಿಗಲಿಲ್ಲ. ಮೂವತ್ತು ವರ್ಷದ ಸುಳ್ಳು ಒಂದೇ ಉಸಿರಿನಲ್ಲಿ ಹೊರಬಿತ್ತು: "ಯಪ್ಪಾ, ನನಗ ಈಸಾಕ ಬರೂದಿಲ್ಲೋ!"

ದಡದಲ್ಲಿ ನಗು ನಿಂತಿತು. ಸೀರೆಗೆ ಕಚ್ಚೆ ಹಾಕಿಕೊಂಡು ಯಾರೋ ದುಡುಮ್ಮನೆ ನೀರಿಗೆ ಹಾರಿದರು. ನೋಡಿದರೆ ನನ್ನ ಹೆಂಡತಿ! ನಾಲ್ಕು ಕೈ ಬೀಸಿ ಬಂದು ಟ್ಯೂಬು ಹಿಡಿದವಳು ನನ್ನನ್ನು ದಡಕ್ಕೆ ಎಳೆಯಲಿಲ್ಲ. ಒಂದು ಕೈ ಟ್ಯೂಬಿನ ಮೇಲಿಟ್ಟು, ಅಂಗಾತ ಮಲಗಿ, ಹೊಳೆಯ ಜೊತೆ ಹೊರಟೇಬಿಟ್ಟಳು.

ಜೀವ ಬಂದ ಮೇಲೆ ಕೇಳಿದೆ, "ಇಷ್ಟ ಚಂದ ಈಸ್ತೀ, ಒಂದಿನಾನೂ ಹೇಳ್ಲಿಲ್ಲಲ್ಲ?"

"ನೀವು ಯಾವಾಗ ಕೇಳಿದ್ರಿ? ಬರೇ ನಿಮ್ದ ಹೇಳಾಕತ್ತಿದ್ರಿ. ನೀರಿದ್ದಾಗ ಒಮ್ಮೆರ ಕರ್ಕೊಂಡ ಬರ್ತೀರೇನೋ ಅಂತ ಮೂವತ್ತ ವರ್ಷ ದಾರಿ ನೋಡೇನಿ."

ವ್ರತ ನನ್ನದು, ಉಪವಾಸ ಬಿದ್ದವಳು ಇವಳು. ಮಾನ ಹೋಗಿದ್ದಕ್ಕೆ ಆಗದ ನಾಚಿಕೆ ಆ ಮಾತಿಗೆ ಆಯಿತು.

"ದೀಪಾವಳಿಗೆ ಬರೂಣು" ಎಂದೆ. "ಹೊಳಿ ತುಂಬಿರ್ತದ."

"ದೀಪಾವಳಿ ಇರ್ಲಿ. ಈಗ ಇನ್ನೊಮ್ಮೆ!" ಎಂದವಳೇ ಕೆಳಗಿನ ಮೆಟ್ಟಿಲೇರಿ, ಐವತ್ತು ದಾಟಿದ ನನ್ನ ಹೆಂಡತಿ, ಒದ್ದೆ ಸೀರೆಯಲ್ಲೇ ಗುಡಿಯ ಕಡೆಗೆ ಓಡತೊಡಗಿದಳು. ನಾನು ಟ್ಯೂಬು ಹೆಗಲಿಗೇರಿಸಿ ಹಿಂದೆ ಓಡಿದೆ.