ಹಾಜೆರಾ ನಾದಿದ ಕಣಕ

ಹಳೇ ಢಾಕಾದ ನಾರಿಂದಾ ಗಲ್ಲಿಯಲ್ಲಿ ಮೊತಾಲೆಬ್ ಮಿಯಾನ ಬಾಕರ್‌ಖಾನಿ ರೊಟ್ಟಿಯ ಅಂಗಡಿಗೆ ಮೂರು ತಲೆಮಾರಿನ ವಯಸ್ಸು. ಬೋರ್ಡಿನ ಮೇಲೆ ಅಜ್ಜ, ಅಪ್ಪ, ಮೊತಾಲೆಬ್, ಮೂವರ ಹೆಸರೂ ಇದೆ. ಬೋರ್ಡು ಬರೆದವನ ತಪ್ಪೇನಿಲ್ಲ ಬಿಡಿ, ಹೇಳಿದ್ದನ್ನು ಬರೆದ. ಆದರೆ ಆ ಗರಿಗರಿ ಬಿಲ್ಲೆಗಳ ಕಣಕವನ್ನು ಆ ಮನೆಯ ಗಂಡಸರು ಎಂದೂ ನಾದಿದವರಲ್ಲ. ಹಿಂದುಗಡೆ ಪರದೆಯ ಮರೆಯಲ್ಲಿ ಅಜ್ಜಿ ನಾದಿದಳು, ಅಮ್ಮ ನಾದಿದಳು, ಆಮೇಲೆ ಮೂವತ್ತೊಂದು ವರ್ಷ ಮೊತಾಲೆಬ್‌ನ ಹೆಂಡತಿ ಹಾಜೆರಾ ನಾದಿದಳು. ಗಂಡಸರು ಮುಂದುಗಡೆ ಕೂತು, ಬಿಲ್ಲೆಗೆ ಚಾಕುವಿನಿಂದ ಮೂರು ಗೀರು ಹಾಕಿ, ತಂದೂರಿ ಒಲೆಯ ಗೋಡೆಗೆ ಅಂಟಿಸಿ, ಹೆಸರು ತಗೊಂಡರು.

ಹಾಜೆರಾ ಶುಕ್ರವಾರ ಎದೆನೋವು ಅಂದಳು. ಆಸ್ಪತ್ರೆ ಸೇರುವ ಮೊದಲೇ ಮುಗಿದುಹೋಗಿತ್ತು. ಮೂರು ದಿನ ಮನೆಯ ಒಲೆ ಹಚ್ಚಲಿಲ್ಲ, ನೆರೆಯವರು ಅನ್ನ ತಂದರು. ಮೊತಾಲೆಬ್ ತಿಂದ, ಮಲಗಿದ, ಎದ್ದ. ಅತ್ತು ಹಗುರಾಗು ಎಂದು ಮಗಳು ಝರ್ನಾ ಬೇಡಿಕೊಂಡಳು. ಅಳು ಎಲ್ಲಿಂದ ತರಲಿ? ಮೈಮನಸ್ಸೆಲ್ಲ ಮರಗಟ್ಟಿಹೋಗಿತ್ತು.

ನಾಲ್ಕನೇ ದಿನ, ಹಾಜೆರಾ ಮಾಡುವುದನ್ನು ನೋಡಿದ ನೆನಪಿನ ಮೇಲೆ, ಅವನೇ ಕಣಕಕ್ಕೆ ಕೈಹಾಕಿದ. ತೆಳ್ಳಗೆ ಎಳೆದು, ತುಪ್ಪ ಸವರಿ, ಒಣಹಿಟ್ಟು ಉದುರಿಸಿ, ಮಡಿಸಿ, ಮತ್ತೆ ಎಳೆದ. ಅವಳ ಹದ ತನಗೆ ಬಾರದು, ಕೆಟ್ಟೇ ಕೆಡುತ್ತದೆ ಎಂದುಕೊಂಡ. ನಿಜ ಹೇಳಬೇಕೆಂದರೆ ಅವನಿಗೆ ಬೇಕಿದ್ದದ್ದೂ ಅದೇ. ಒಬ್ಬನಾದರೂ ಕಚ್ಚಿ, ಮುಖ ಸಿಂಡರಿಸಿ, ಏನೋ ಕಮ್ಮಿಯಾಗಿದೆ ಅನ್ನಲಿ.

ಬೆಳಿಗ್ಗೆ ಬಂದವರು ಸಮಾಧಾನದ ಮಾತಾಡಿ, ಪೊಟ್ಟಣ ಕಟ್ಟಿಸಿಕೊಂಡು ಹೋದರು. ಕೊನೆಗೆ ಖೋರ್ಶೆದ್ ಚಾಚಾ ಬಂದ. ನಲವತ್ತು ವರ್ಷದ ಗಿರಾಕಿ, ಉಪ್ಪು ಒಂದು ಚಿಟಿಕೆ ಹೆಚ್ಚಾದರೂ ಜಗಳಕ್ಕೆ ನಿಲ್ಲುವ ಮುದುಕ. ಅವನು ಕಚ್ಚಿ ಅಗಿಯುವಾಗ ಮೊತಾಲೆಬ್ ಅವನ ಬಾಯನ್ನೇ ನೋಡುತ್ತ ನಿಂತ.

"ಎಷ್ಟಾದ್ರೂ ನಿನ್ನ ಕೈ, ಮಿಯಾ. ಮನೇಲಿ ಇಷ್ಟೆಲ್ಲ ಆದ್ರೂ ರುಚಿ ಒಂಚೂರೂ ಆಚೀಚೆ ಆಗಿಲ್ಲ ನೋಡು."

"ಕಣಕ ನಾದ್ತಿದ್ದೋಳು ಅವಳು ಚಾಚಾ. ಇವತ್ತಷ್ಟೇ ನಾನು."

"ಹೌದಾ?" ಮುದುಕ ಇನ್ನೊಂದು ಬಿಲ್ಲೆ ಎತ್ತಿಕೊಂಡು, ಯೋಚಿಸುತ್ತ ಪೂರ್ತಿ ತಿಂದ. "ನಂಗೇನೂ ಗೊತ್ತಾಗ್ಲಿಲ್ಲಪ್ಪ."

ಅವನು ಹೋದ ಮೇಲೆ ಮೊತಾಲೆಬ್ ತಾನೂ ಒಂದು ಕಚ್ಚಿದ. ಕಣ್ಣು ಮುಚ್ಚಿಕೊಂಡು ನಿಧಾನಕ್ಕೆ ಅಗಿದ. ಮತ್ತೊಂದು ತಿಂದ. ಮೂವತ್ತೊಂದು ವರ್ಷ ಅವಳ ಕೈಯದನ್ನೇ ತಿಂದ ಅವನಿಗೂ ಗೊತ್ತಾಗಲಿಲ್ಲ. ಆಗ ಅವನಿಗೆ ಅಳು ಬಂತು.