ಎರಡು ಹೆಜ್ಜೆ ಹಿಂದೆ

ನಮ್ಮ ಮನೆಯಲ್ಲಿ ಒಂದು ನಿಯಮವಿತ್ತು. ಯಾರಾದರೂ ಹೊಗಳಿದರೆ ತಲೆ ತಗ್ಗಿಸಿ "ದೇವರಿಗೆ ಸ್ತೋತ್ರ" ಎನ್ನಬೇಕು, ಆಮೇಲೆ ಎರಡು ಹೆಜ್ಜೆ ಹಿಂದಕ್ಕೆ ಸರಿಯಬೇಕು. ಇದು ನಾನು ಮಾಡಿದ ನಿಯಮವಲ್ಲ, ನನ್ನ ಅಜ್ಜಿಯದು. ಗದಗಿನ ನಮ್ಮ ಸಭೆಯಲ್ಲಿ ಸಂಡೇ ಸ್ಕೂಲಿನ ಬಹುಮಾನ ಕೊಡುವ ದಿನ, ಹೆಸರು ಕರೆದ ಮಗು ಮುಂದೆ ಹೋಗಿ ಸ್ಟೀಲಿನ ಲೋಟವನ್ನೋ ತಟ್ಟೆಯನ್ನೋ ತೆಗೆದುಕೊಂಡು, ಎರಡು ಹೆಜ್ಜೆ ಹಿಂದೆ ಬಂದು, ನೇರವಾಗಿ ಕೊನೆಯ ಸಾಲಿಗೆ ಹೋಗಿ ಕೂರಬೇಕಿತ್ತು. ಮೊದಲ ಬಹುಮಾನ ಬಂದವರಿಗೆ ಆಮೇಲೆ ವೇದಿಕೆಯೇ ಕಾಣುತ್ತಿರಲಿಲ್ಲ. ನಮಗೆ ಅದು ವಿಚಿತ್ರ ಅನ್ನಿಸಿದ್ದೇ ಇಲ್ಲ.

ನನ್ನ ಅಣ್ಣ ಮಾತ್ರ ಒಮ್ಮೆ ಹಿಂದೆ ಸರಿಯಲಿಲ್ಲ. ಕ್ರಿಸ್‌ಮಸ್ ಆರಾಧನೆಯಲ್ಲಿ ಅವನು ಹಾಡಿದರೆ ಹೊರಗೆ ನಿಂತ ಟಾಂಗಾದವರೂ ಕಿವಿಗೊಡುತ್ತಿದ್ದರು. ಆ ವರ್ಷ ಎಲ್ಲರೂ ಹೊಗಳಿದ ಮೇಲೆ ಅವನು ಅಲ್ಲೇ ನಿಂತು ಹಲ್ಲು ಕಿರಿದು "ಇನ್ನೊಂದು ಹಾಡ್ಲೇನ್ರಿ?" ಎಂದ. ಮುಂದಿನ ಕ್ರಿಸ್‌ಮಸ್ ಬರುವಷ್ಟರಲ್ಲಿ ಅವನ ಗಂಟಲು ಒಡೆದಿತ್ತು. ಅಜ್ಜಿ ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು: "ಹೊಗಳಿಸ್ಕೊಂಡು ಉಬ್ಬಿದ. ಕೊಟ್ಟ ದೇವ್ರು ತಿರುಗಿ ತಗೊಂಡ. ತಿಳೀತೇನವಾ?"

ಅಣ್ಣನಿಗೆ ಆಗ ಹದಿನಾಲ್ಕು. ಆ ವಯಸ್ಸಿನಲ್ಲಿ ಯಾವ ಹುಡುಗನ ಗಂಟಲು ಒಡೆಯುವುದಿಲ್ಲ ಹೇಳಿ! ಇವತ್ತು ನನಗೆ ಅದು ಚೆನ್ನಾಗಿ ಗೊತ್ತು. ಆದರೆ ಒಂಬತ್ತು ವರ್ಷದ ನನಗೆ ಗೊತ್ತಿರಲಿಲ್ಲ. ಭಯ ಆಗಲೇ ಒಳಗೆ ಬಂದು ಚಾಪೆ ಹಾಸಿಕೊಂಡು ಕೂತಿತ್ತು, ಆಮೇಲೆ ಬಂದ ತಿಳಿವಳಿಕೆಗೆ ಅದು ಜಾಗವನ್ನೇ ಬಿಡಲಿಲ್ಲ.

ಆ ಭಯವನ್ನು ನಾನು ಸ್ವೀಡನ್ನಿನ ಸ್ಯಾಂಡ್‌ವಿಕೆನ್‌ವರೆಗೂ ಹೊತ್ತು ತಂದೆ. ನನ್ನವರಿಗೆ ಇಲ್ಲಿಯ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. ಸುತ್ತಮುತ್ತಲಿನ ಊರುಗಳ ನಾಲ್ಕು ಕನ್ನಡ ಕ್ರೈಸ್ತ ಕುಟುಂಬಗಳು ತಿಂಗಳಿಗೊಂದು ಭಾನುವಾರ ಇಲ್ಲಿನ ಚರ್ಚಿನವರು ಬಿಟ್ಟುಕೊಟ್ಟ ಕೋಣೆಯಲ್ಲಿ ಪ್ರಾರ್ಥನೆಗೆ ಸೇರುತ್ತೇವೆ. ಮಕ್ಕಳ ಪಾಠ ನನ್ನ ಪಾಲಿಗೆ ಬಂದಿತ್ತು. ಐದು ಮಕ್ಕಳು. ಕಾಗದದ ಮೇಲೆ ಅಂಗೈ ಇಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಎಳೆಸಿ, "ಈ ಕೈ ಯಾರು ಕೊಟ್ಟದ್ದು?" ಎಂದು ಕೇಳುತ್ತಿದ್ದೆ. "ದೇವರು!" ಎಂದು ಐವರೂ ಕೂಗುತ್ತಿದ್ದರು. ಹಾಗಾದರೆ ಈ ಕೈ ಮಾಡಿದ್ದಕ್ಕೆಲ್ಲ ಹೊಗಳಿಕೆ ಯಾರಿಗೆ? ಅದಕ್ಕೂ ಅದೇ ಉತ್ತರ. ಆಮೇಲೆ ಅಣ್ಣನ ಕಥೆ ಹೇಳುತ್ತಿದ್ದೆ. ಕಥೆಗೆ ಉಪ್ಪುಖಾರ ಹಚ್ಚುವುದರಲ್ಲಿ ನಾನು ಅಜ್ಜಿಗಿಂತ ಒಂದು ಕೈ ಮೇಲೆ. ನನ್ನ ಹನ್ನೊಂದು ವರ್ಷದ ಮಗಳು ಆ ಐವರಲ್ಲಿ ಒಬ್ಬಳು, ಅವಳು ಆ ಕಥೆಯನ್ನು ಮನೆಯಲ್ಲೂ ಕೇಳುತ್ತಿದ್ದಳು.

ಮಗಳಿಗೆ ಕೈಹಾಕಿದ್ದೆಲ್ಲ ಬರುತ್ತಿತ್ತು, ಅದೇ ನನ್ನ ಹೆದರಿಕೆ. ದಡ್ಡಿಯಾಗಿದ್ದರೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆನೇನೋ. ಅದರಲ್ಲೂ ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಮಾಡುವುದನ್ನು ನೋಡಬೇಕು. ಇಲ್ಲಿ ಹುಟ್ಟಿ ಬೆಳೆದ ಮಕ್ಕಳೇ ನಿಂತು ನೋಡುತ್ತಿದ್ದರು. ಅವರು ನಿಂತು ನೋಡಿದಾಗೆಲ್ಲ ನನಗೆ ಒಂದೇ ಯೋಚನೆ: ಇವಳ ಕಾಲಿಗೆ ಏನಾದರೂ ಆದರೆ? ಕರ್ತನೇ, ಅವಳು ಉಬ್ಬಿಲ್ಲ, ನೋಡು, ಉಬ್ಬಿಲ್ಲ ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ.

ಇಲ್ಲಿನ ಶಾಲೆಯಲ್ಲಿ ಆರು ತಿಂಗಳಿಗೊಮ್ಮೆ ತಂದೆ ತಾಯಿಯನ್ನು ಕರೆಯುತ್ತಾರೆ. ಮಾತಾಡುವವರು ಟೀಚರ್ ಅಲ್ಲ, ಮಗುವೇ. ತಾನು ಏನು ಕಲಿತೆ, ಏನು ಕಷ್ಟ ಎಂಬುದನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಂಡು ಬಂದು ನಮ್ಮ ಮುಂದೆ ಓದುತ್ತದೆ. ಆ ಶರತ್ಕಾಲದಲ್ಲಿ ಹೋದಾಗ ಮಗಳು ಹಾಳೆಯನ್ನು ಮೇಜಿನ ಮೇಲಿಟ್ಟಳು. 'ನಾನು ಚೆನ್ನಾಗಿ ಮಾಡುವುದು' ಎಂಬ ಸಾಲಿನ ಮುಂದೆ ಏನೂ ಇರಲಿಲ್ಲ.

"ಇಲ್ಲಿ ಬರೆಯೋಕೆ ನಿನಗೆ ತುಂಬಾ ಇದೆಯಲ್ಲ?" ಎಂದು ಟೀಚರ್ ಸ್ವೀಡಿಷ್‌ನಲ್ಲಿ ಮೆಲ್ಲಗೆ ಕೇಳಿದರು.

ಮಗಳು ನನ್ನ ಮುಖ ನೋಡಿದಳು. ಆಮೇಲೆ ಕೂತಿದ್ದ ಕುರ್ಚಿಯನ್ನೇ ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು.

ನಿಜ ಹೇಳಲೇ? ನನಗೆ ಖುಷಿಯಾಯಿತು. ನಾನು ಕಲಿಸಿದ್ದು ನಾಟಿತು ಅಂದುಕೊಂಡೆ. ಟೀಚರ್ ಮಾತ್ರ ಆ ಖಾಲಿ ಸಾಲನ್ನು ಬಹಳ ಹೊತ್ತು ನೋಡುತ್ತಿದ್ದರು, ಅವರು ನೋಡಿದ ರೀತಿ ನನಗೆ ಹಿಡಿಸಲಿಲ್ಲ.

ಜನವರಿಯಲ್ಲಿ ಶಾಲೆಯಿಂದ ಒಪ್ಪಿಗೆ ಪತ್ರ ಬಂತು. ಸರೋವರದ ಮಂಜುಗಡ್ಡೆಯಲ್ಲಿ ತೂತು ಕೊರೆದು, ಮಕ್ಕಳ ಸೊಂಟಕ್ಕೆ ಹಗ್ಗ ಕಟ್ಟಿ, ಬಟ್ಟೆ ಸಮೇತ ನೀರಿಗೆ ಇಳಿಸುತ್ತಾರಂತೆ. ಮಂಜು ಒಡೆದು ಬಿದ್ದರೆ ಮೇಲೆ ಬರುವುದು ಹೇಗೆ, ಬಿದ್ದವರನ್ನು ಎಳೆಯುವುದು ಹೇಗೆ ಎಂದು ಕಲಿಸಲು. ಪತ್ರವನ್ನು ಎರಡೆರಡು ಸಲ ಓದಿದೆ. ಅಯ್ಯೋ ದೇವರೇ, ಯಾವ ಊರಿಗೆ ಬಂದೆವಪ್ಪಾ!

"ಎಲ್ರೂ ಮಾಡ್ತಾರೆ ಅಮ್ಮ. ಇದು ನಾರ್ಮಲ್," ಎಂದಳು ಮಗಳು.

ನನ್ನವರು ಸಹಿ ಹಾಕಿದರು. ನೀರಿಗೆ ಇಳಿಸಿದ ದಿನ ಅವಳು ಕೆಂಪು ಮೂಗು ಹೊತ್ತು ಮನೆಗೆ ಬಂದಳು. ಕೊರಳಲ್ಲಿ ಒಂದು ಹೊಸ ಸಾಮಾನು: ದಾರಕ್ಕೆ ಕಟ್ಟಿದ ಎರಡು ಚಿಕ್ಕ ಹಿಡಿಗಳು, ಒಂದೊಂದರ ತುದಿಯಲ್ಲೂ ಚೂಪಾದ ಮೊಳೆ. ಬಿದ್ದವರು ಅದನ್ನು ಮಂಜಿಗೆ ಚುಚ್ಚಿ ಚುಚ್ಚಿ ತಮ್ಮನ್ನು ತಾವೇ ಎಳೆದುಕೊಳ್ಳಬೇಕಂತೆ. ಇಡೀ ತರಗತಿಯಲ್ಲಿ ಬೇಗ ಮೇಲೆ ಬಂದವಳು ಅವಳೇ, ಮರುದಿನ ಇನ್ನೊಂದು ತರಗತಿಗೆ ಮಾಡಿ ತೋರಿಸಲು ಟೀಚರ್ ಅವಳನ್ನೇ ಕರೆದಿದ್ದರು. ಅದನ್ನು ಹೇಳುವಾಗ ಅವಳ ಕಣ್ಣು ಹೊಳೆಯುತ್ತಿತ್ತು.

"ಅಮ್ಮ, ನಂಗೆ ಎಷ್ಟು ಚೆನ್ನಾಗಿ ಬರುತ್ತೆ ಗೊತ್ತಾ..."

"ಪುಟ್ಟೀ!" ಎಂದೆ. ಅಷ್ಟೇ ಅಂದದ್ದು.

ಅವಳು ತಲೆ ತಗ್ಗಿಸಿ ಸ್ತೋತ್ರ ಹೇಳಿ, ಅಡುಗೆಮನೆಯ ನೆಲದ ಮೇಲೆ ಎರಡು ಹೆಜ್ಜೆ ಹಿಂದೆ ಹೋದಳು. ಮರುದಿನ ಮಾಡಿ ತೋರಿಸಲು ಹೋಗಲಿಲ್ಲ, ಹೊಟ್ಟೆನೋವು ಎಂದು ಟೀಚರಿಗೆ ಸುಳ್ಳು ಹೇಳಿದ್ದಳಂತೆ. ಸುಳ್ಳು ಹೇಳಿದ್ದಕ್ಕೂ ನಾನು ಬೈದೆ.

ಮಾರ್ಚಿನ ಒಂದು ಭಾನುವಾರ. ನನ್ನವರಿಗೆ ಶಿಫ್ಟ್ ಇತ್ತು. ಆರಾಧನೆ ಮುಗಿಸಿ ನಾವಿಬ್ಬರೇ ಸರೋವರಕ್ಕೆ ಹೋದೆವು. ಬಿಸಿಲಿತ್ತು, ಮಂಜು ಇನ್ನೂ ಬೆಳ್ಳಗೆ ಹರಡಿತ್ತು. ಸ್ಕೇಟ್ ಕಟ್ಟಿಕೊಳ್ಳುತ್ತಾ ಮಗಳು ದಡದ ಜೊಂಡಿನ ಕಡೆಗೆ ಕೈ ತೋರಿಸಿದಳು.

"ಅಮ್ಮ, ಆ ಕಡೆ ಬರಬೇಡ. ಜೊಂಡಿನ ಹತ್ರ ಐಸ್ ವೀಕ್ ಇರುತ್ತೆ. ಈಗ ಮಾರ್ಚ್ ಬೇರೆ."

"ಎಲ್ಲಾ ನಿನಗೇ ಗೊತ್ತು ನೋಡು. ದೊಡ್ಡವರಿಗೆ ಬುದ್ಧಿ ಹೇಳೋದು ಬೇಡ," ಎಂದೆ.

ಅವಳು ಜೊಂಡನ್ನು ದೂರ ಬಿಟ್ಟು ಸುತ್ತು ಹಾಕಿಕೊಂಡು ಮಂಜಿಗೆ ಇಳಿದಳು. ನಾನು ದಡದ ಬೆಂಚಿನ ಮೇಲೆ ಕೂತೆ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಮುದುಕಿ ನಿಂತು ನೋಡಿ, "ನಿಮ್ಮ ಮಗಳಾ? ಎಷ್ಟು ಅದ್ಭುತ! ನಾನು ಇಂಥದ್ದು ನೋಡೇ ಇಲ್ಲ," ಎಂದು ಹೇಳಿ ಮುಂದೆ ನಡೆದರು. ಪಾಪ, ಒಳ್ಳೆಯ ಮಾತನ್ನೇ ಆಡಿದರು. ನಾನು ಮಾತ್ರ ಬೆಂಚಿನಿಂದ ಎದ್ದು ನಿಂತೆ. ಅಷ್ಟರಲ್ಲಿ ಮಗಳು ಒಂದು ಕಾಲೆತ್ತಿ ಗಿರ್ರನೆ ತಿರುಗಿದಳು. ಈಗ ಬೀಳುತ್ತಾಳೆ, ಈಗಲೇ ಕಾಲು ಮುರಿಯುತ್ತದೆ ಎಂದು ನನಗೆ ಖಾತ್ರಿಯಾಯಿತು. ಅವಳನ್ನು ನಿಲ್ಲಿಸಬೇಕು, ಸ್ತೋತ್ರ ಹೇಳಿಸಬೇಕು. ಸುತ್ತು ಹಾಕಿಕೊಂಡು ಹೋದರೆ ತಡವಾಗುತ್ತದೆಂದು ಜೊಂಡಿನ ಪಕ್ಕದಿಂದಲೇ ಮಂಜಿಗೆ ಇಳಿದು ಬಿರಬಿರನೆ ನಡೆದೆ.

ಹತ್ತು ಹೆಜ್ಜೆ ಹೋಗಿರಬಹುದು. ಕಾಲ ಕೆಳಗಿನ ನೆಲ ಸದ್ದೇ ಮಾಡದೆ ಇಲ್ಲವಾಯಿತು.

ಆ ಚಳಿಯನ್ನು ಹೇಳಲು ನನ್ನ ಬಳಿ ಮಾತಿಲ್ಲ. ಉಸಿರು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಕಾಲಿಗೆ ತಳ ಸಿಗಲಿಲ್ಲ. ಕೋಟು ನೀರು ಕುಡಿದು ಕೆಳಗೆ ಎಳೆಯುತ್ತಿತ್ತು. ಮಂಜಿನ ಅಂಚು ಹಿಡಿದರೆ ಅದೂ ಮುರಿದು ಕೈಗೆ ಬರುತ್ತಿತ್ತು. ಕೂಗಿದೆನೋ ಇಲ್ಲವೋ ನೆನಪಿಲ್ಲ. ಮುದುಕಿ ಎಲ್ಲೂ ಕಾಣಲಿಲ್ಲ. ಮಗಳು ನನ್ನ ಕಡೆ ರಭಸದಿಂದ ಬಂದವಳು ದೂರದಲ್ಲೇ ಗಕ್ಕನೆ ನಿಂತಳು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದಳು.

ನಾನು ಅದನ್ನು ಕಣ್ಣಾರೆ ಕಂಡೆ. ತಲೆ ತಗ್ಗಿಸಿ, ಎರಡು ಹೆಜ್ಜೆ ಹಿಂದೆ, ಸುಮ್ಮನೆ ನಿಂತಿದ್ದಳು. ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಮುಗಿಯಿತು ಎಂದುಕೊಂಡೆ. ನನ್ನ ಸಾವಿಗಿಂತ ಹೆಚ್ಚಾಗಿ, ಇವಳು ಇದನ್ನು ನೋಡಿಕೊಂಡು ಬದುಕಬೇಕಲ್ಲ ಎಂಬ ಭಯ ನನ್ನನ್ನು ಹಿಂಡಿತು.

ಎಷ್ಟು ಹೊತ್ತೋ. ಬಹುಶಃ ನಾಲ್ಕು ಉಸಿರಿನಷ್ಟು. ಆಮೇಲೆ ಅವಳು ದಢಾರನೆ ಹೊಟ್ಟೆಯ ಮೇಲೆ ಮಲಗಿದಳು. ಕೊರಳಿನ ಮೊಳೆಹಿಡಿಗಳನ್ನು ಕಿತ್ತು ಮಂಜಿನ ಮೇಲೆ ನನ್ನತ್ತ ಜಾರಿಸಿದಳು. ಅವು ನೇರ ನನ್ನ ಕೈಗೇ ಬಂದವು.

"ಅಮ್ಮ, ತಿರುಗು! ನೀನು ಬಂದ ಕಡೆ ತಿರುಗು, ಅಲ್ಲಿ ಐಸ್ ತಡೀತು ತಾನೇ! ಚುಚ್ಚು! ಕಾಲು ಒದಿ, ಈಜೋ ಥರ ಒದಿ!"

ನನ್ನ ಮಗಳು ನನಗೆ ಅಪ್ಪಣೆ ಕೊಡುತ್ತಿದ್ದಳು. ಗಂಟಲು ಹರಿಯುವಂತೆ, ಕನ್ನಡದಲ್ಲಿ, ಸ್ವೀಡಿಷ್‌ನಲ್ಲಿ, ಬಾಯಿಗೆ ಬಂದ ಭಾಷೆಯಲ್ಲಿ. ನಾನು ತಿರುಗಿದೆ, ಚುಚ್ಚಿದೆ, ಒದ್ದೆ. ಅಂಚು ಮುರಿಯಿತು. "ಮತ್ತೆ!" ಎಂದಳು. ಮತ್ತೆ ಚುಚ್ಚಿದೆ. ಎದೆ ಮೇಲೆ ಬಂತು, ಹೊಟ್ಟೆ ಬಂತು. "ಎದ್ದು ನಿಲ್ಲಬೇಡ! ಉರುಳು!" ಉರುಳಿದೆ. ತೆವಳಿಕೊಂಡು ಸುತ್ತು ಬಂದಿದ್ದ ಅವಳು ಮಲಗಿಯೇ ಸ್ಕಾರ್ಫ್ ಎಸೆದಳು, ಅದರ ತುದಿ ಹಿಡಿದು ದಡದವರೆಗೆ ಉರುಳುತ್ತಲೇ ಬಂದೆ. ಅಲ್ಲಿಂದ ಮನೆ ಐದು ನಿಮಿಷದ ದಾರಿ. ಅವಳು ಸ್ಕೇಟ್ ಕಳಚಿ, ತನ್ನ ಜಾಕೆಟ್ಟನ್ನೂ ನನಗೆ ಹೊದಿಸಿ, ನನ್ನನ್ನು ಕೂರಲು ಬಿಡದೆ ನೂಕಿಕೊಂಡೇ ನಡೆಸಿದಳು.

ಮನೆಯಲ್ಲಿ ಒದ್ದೆ ಬಟ್ಟೆ ತೆಗೆಸಿದ್ದು, ಎರಡು ರಜಾಯಿ ಹೊದಿಸಿದ್ದು, ಅಪ್ಪನಿಗೂ ಆರೋಗ್ಯ ಸಹಾಯವಾಣಿಗೂ ಫೋನ್ ಮಾಡಿದ್ದು ಎಲ್ಲ ಅವಳೇ. ಬಿಸಿ ಹಾಲಿನ ಲೋಟ ನನ್ನ ಕೈಯಲ್ಲಿ ಕುಣಿಯುತ್ತಿತ್ತು. ಅವಳು ಎದುರಿಗೆ ಕೂತು ಈಗ ಅಳಲು ಶುರು ಮಾಡಿದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ನೀನು ಹಿಂದೆ ಹೋದೆಯಲ್ಲ ಪುಟ್ಟಿ. ನನ್ನ ಬಿಟ್ಟು ಹೋಗ್ತೀಯಾ ಅಂದ್ಕೊಂಡೆ."

ಅವಳು ಮೂಗು ಒರೆಸಿಕೊಂಡಳು. "ಹಿಂದೆ ಹೋಗಿದ್ದು ಟೀಚರ್ ಹೇಳ್ಕೊಟ್ಟಿದ್ದು ಅಮ್ಮ. ಒಡೆದಿರೋ ಕಡೆ ಹತ್ರ ಹೋಗಬಾರದು, ಗಟ್ಟಿ ಐಸ್‌ಗೆ ಹೋಗಬೇಕು. ಸುಮ್ನೆ ನಿಂತಿದ್ದು..." ಎಂದು ನಿಲ್ಲಿಸಿದಳು.

"ನಿಂತಿದ್ದು?"

"ಅದು ನೀನು ಹೇಳ್ಕೊಟ್ಟಿದ್ದು. ನಂಗೆ ಬರುತ್ತೆ, ನಂಗೆ ಬರುತ್ತೆ ಅಂತ ತಲೇಲಿ ಬಂತು. ಹಾಗೆ ಅಂದ್ಕೊಂಡ್ರೆ ದೇವರು ಆಗಲೇ ವಾಪಸ್ ತಗೊಂಡ್ಬಿಟ್ರೆ? ಮಾಮನ ಹಾಡು ತಗೊಂಡ ಹಾಗೆ? ಆಮೇಲೆ ನೀನು... ಅದಕ್ಕೆ ಮೊದಲು ಸಾರಿ ಕೇಳ್ತಾ ಇದ್ದೆ. ದೇವರ ಹತ್ರ."

ನಾನು ಮುಳುಗುತ್ತಿದ್ದೆ, ನನ್ನ ಮಗಳು ತನಗೆ ಕಾಪಾಡಲು ಬರುತ್ತದೆಂಬುದಕ್ಕೆ ದೇವರಲ್ಲಿ ಕ್ಷಮೆ ಕೇಳುತ್ತಿದ್ದಳು. ದೇವರ ಹೆಸರಿನಲ್ಲಿ ನಾನು ಅವಳಿಗೆ ಪರಿಚಯಿಸಿದ್ದು ಯಾರನ್ನು? ಬಾಗಿಲ ಹಿಂದೆ ನಿಂತು, ಮಗು ಯಾವಾಗ "ನಾನು" ಅಂದೀತು ಎಂದು ಕಾಯುವ ಒಬ್ಬ ಕಳ್ಳನನ್ನು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಅವಳನ್ನು ರಜಾಯಿಯೊಳಗೆ ಎಳೆದುಕೊಂಡು ಅತ್ತೆ. ಮಾಮನ ಗಂಟಲಿಗೆ ಏನಾಗಿತ್ತು ಎಂಬುದನ್ನು ಅಂದು ಮೊದಲ ಬಾರಿಗೆ ಸರಿಯಾಗಿ ಹೇಳಿದೆ.

ಏಪ್ರಿಲ್‌ನಲ್ಲಿ ಶಾಲೆಯ ಹಾಳೆ ಮತ್ತೆ ಬಂತು. ಅವಳು ಊಟದ ಮೇಜಿನ ಮೇಲೆ ಅದನ್ನು ಹರಡಿ ಎಲ್ಲ ಸಾಲು ತುಂಬಿಸಿ, ಆ ಒಂದು ಸಾಲಿನ ಮುಂದೆ ಪೆನ್ಸಿಲ್ ನಿಲ್ಲಿಸಿ ನನ್ನ ಮುಖ ನೋಡಿದಳು.

"ಬರೀಲಾ?"

ನನ್ನ ಭಯ ಹೋಗಿರಲಿಲ್ಲ. ಈಗಲೂ ಹೋಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೂ "ಬರಿ," ಎಂದೆ.

ಅವಳು ಸ್ವೀಡಿಷ್‌ನಲ್ಲಿ ನಿಧಾನವಾಗಿ ಬರೆದಳು: ಮಂಜು ಒಡೆದು ಬಿದ್ದವರನ್ನು ಮೇಲೆ ತರಲು ನನಗೆ ಬರುತ್ತದೆ. ಬರೆದು ಪೆನ್ಸಿಲ್ ಕೆಳಗಿಟ್ಟಳು. ಇಬ್ಬರೂ ಆ ಸಾಲನ್ನೇ ನೋಡುತ್ತಾ ಕೂತೆವು, ಏನೋ ಆಗಬೇಕು ಎಂದು ಕಾಯುವವರ ಹಾಗೆ. ಕುಕ್ಕರಿನ ಸದ್ದು ಬಿಟ್ಟರೆ ಏನೂ ಆಗಲಿಲ್ಲ. ಅವಳು ಎರಡೂ ಕೈಗಳ ಬೆರಳು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ಇದೆ ಅಮ್ಮ," ಎಂದಳು. "ಇನ್ನೂ ಇದೆ. ದೇವರು ವಾಪಸ್ ತಗೊಂಡಿಲ್ಲ."

"ದೇವರಿಗೆ ಸ್ತೋತ್ರ," ಎಂದೆ ನಾನು.