ಕುಂಬಾರ ಅಜ್ಜಿ ಕೊಡಲೊಲ್ಲೆನೆಂದ ಗಡಿಗೆ

ಶಕುನ, ಶಾಸ್ತ್ರ ಎಂದರೆ ನಗುವ ಮನುಷ್ಯ ನಾನು. ಈಗಲೂ ಯಾರಾದರೂ ದೆವ್ವದ ಕತೆ ತೆಗೆದರೆ ಎದ್ದು ಹೋಗುತ್ತೇನೆ. ಆದರೆ ಒಂದು ಮಧ್ಯಾಹ್ನದ ಸಂಗತಿ ಮಾತ್ರ ಬೇರೆ. ಅದನ್ನು ಬರೆಯಲು ನನಗೆ ನಾಚಿಕೆಯೂ ಇದೆ, ಸಂಕಟವೂ ಇದೆ.

ಸ್ವಾತಂತ್ರ್ಯ ಬರುವುದಕ್ಕೆ ಹತ್ತು ವರ್ಷ ಮೊದಲಿನ ಮಾತು. ಆಗ ನಾನು ಹುಬ್ಬಳ್ಳಿಯಲ್ಲಿ ಗುಮಾಸ್ತ. ಹೆಂಡತಿ ಗಂಗೆಗೆ ಚೊಚ್ಚಲ ಹೆರಿಗೆ. ಅವಳ ತವರಿನಲ್ಲಿ ನೋಡಿಕೊಳ್ಳುವವರಿರಲಿಲ್ಲ, ಹಾಗಾಗಿ ನಮ್ಮ ಮನೆಯಲ್ಲೇ. ಬೆಳಿಗ್ಗೆಯೇ ಬೇನೆ ಶುರುವಾಗಿ ಸೂಲಗಿತ್ತಿ ಒಳಗೆ ಸೇರಿದ್ದಳು.

ನಮ್ಮ ಕಡೆ ಕೂಸಿನ ಹಿಂದೆ ಬೀಳುವ ಮಾಸನ್ನು ಹೊಸ ಗಡಿಗೆಯಲ್ಲಿಟ್ಟು ಹಿತ್ತಲಲ್ಲಿ ಹುಗಿಯುತ್ತಾರೆ. ಮದುವೆಯ ಐರಣಿ ಗಡಿಗೆಗಳಿಗೂ ಕುಂಬಾರರ ಮನೆ, ಮಸಣದ ಮಡಕೆಗೂ ಅದೇ ಮನೆ. ಹೆರಿಗೆಯ ಗಡಿಗೆಯನ್ನು ಮಾತ್ರ ಕೂಸು ಅತ್ತ ಮೇಲೆಯೇ ಹೋಗಿ ತರಬೇಕು. ನನಗದು ಬೆಂಕಿ ಬಿದ್ದಾಗ ಬಾವಿ ತೋಡುವ ಬುದ್ಧಿಯಾಗಿ ಕಂಡಿತು. ಕಟ್ಟೆಯ ಮೇಲೆ ಕೂತು ಗಂಗೆಯ ನರಳಾಟ ಕೇಳುವುದೂ ಆಗಲಿಲ್ಲ. ಯಾರಿಗೂ ಹೇಳದೆ, ಊರಾಚೆ ಕುಂಬಾರರಿರುವ ಬೆಂಗೇರಿಗೆ ನಡೆದೆ.

ಅಲ್ಲಿ ಕುಂಬಾರ ಅಜ್ಜಿ ಆಗಷ್ಟೇ ಸುಟ್ಟು ಆವಿಗೆಯಿಂದ ತೆಗೆದ ಗಡಿಗೆಗಳನ್ನು ಬೆರಳಿನಿಂದ ಬಡಿದು ದನಿ ನೋಡುತ್ತಿದ್ದಳು. ಬಂದ ಕೆಲಸ ಹೇಳಿದೆ.

"ಏನ್ ಕೂಸ್ರೀ ಯಪ್ಪಾ?" ಎಂದು ನಗುತ್ತ ಕೇಳಿದಳು.

"ಇನ್ನೂ ಆಗಿಲ್ಲಬೇ."

ಆಕೆಯ ಕೈ ನಿಂತಿತು. "ಹಂಗಾರ ಕೊಡೂದಿಲ್ರಿ. ಕೂಸು ಅತ್ತಮ್ಯಾಲ ಬರ್ರಿ. ಮೊದಲ ಒಯ್ಯಬಾರದ್ರಿ, ಛಲೋ ಅಲ್ಲ."

ನಾನು ನಕ್ಕು, ಒಂದು ಗಡಿಗೆಯನ್ನು ನಾನೇ ಎತ್ತಿಕೊಂಡು ಹೊರಟೆ. ಆಕೆ ತಡೆಯಲಿಲ್ಲ, ಮುಖ ತಿರುಗಿಸಿ ಕೂತಳು.

ಹೊಲದ ನಡುವಿನ ದಾರಿ, ಸುಡು ಬಿಸಿಲು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಗಡಿಗೆಯನ್ನು ಎದೆಗವಚಿಕೊಂಡು ಅರ್ಧ ದಾರಿ ಬಂದಿದ್ದೆ. ಆಗ ಅದರೊಳಗೆ ಕೂಸು ಅತ್ತಿತು. ಒಂದೇ ಸಲ. ಈಗ ಹುಟ್ಟಿದ ಕೂಸಿನ ಅಳು, ಕೊನೆಗೆ ಸಣ್ಣ ಬಿಕ್ಕು. ಸುತ್ತ ನೋಡಿದೆ, ಯಾರೂ ಇಲ್ಲ. ಗಡಿಗೆಯೊಳಗೆ ಕೈ ಹಾಕಿದೆ. ಬೆಚ್ಚಗಿತ್ತು, ಖಾಲಿಯಾಗಿತ್ತು. ಖರೆ ಹೇಳುತ್ತೇನೆ, ಆ ಕ್ಷಣ ನನಗೆ ಹೆದರಿಕೆ ಆಗಲಿಲ್ಲ. ಕೂಸು ಹುಟ್ಟಿತೆಂದು ಹಿಗ್ಗಿ ಓಡಿದೆ.

ಬಾಗಿಲಲ್ಲಿ ಅವ್ವ ಕೂತಿದ್ದಳು. ನನ್ನ ಕೈಯ ಗಡಿಗೆ ನೋಡಿ ಹಣೆ ಬಡಿದುಕೊಂಡಳು. "ಕೂಸು ಅಳಲೇ ಇಲ್ಲೋ ತಮ್ಮಾ."

ಗಂಡು ಕೂಸು. ಸೂಲಗಿತ್ತಿ ತಲೆಕೆಳಗೆ ಹಿಡಿದು ಬೆನ್ನು ಬಡಿದರೂ ಉಸಿರಾಡಲಿಲ್ಲವಂತೆ. ಸಂಜೆ ಮಣ್ಣು ಮಾಡಿ ಬಂದೆ.

ನನ್ನ ಅವಸರವೇ ಕೂಸನ್ನು ತಿಂದಿತೆಂದು ಅವ್ವ ಸಾಯುವವರೆಗೂ ನಂಬಿದ್ದಳು. ನಾನು ನಂಬುವುದಿಲ್ಲ. ಬಿಸಿ ಗಡಿಗೆ ಆರುವಾಗ ಸದ್ದು ಮಾಡುತ್ತದೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಟಿಕ್ ಎನ್ನಬಹುದು. ಆದರೆ ಬಿಕ್ಕುತ್ತದೆಯೇ?

ಬಾಣಂತಿ ಗಂಗೆ ಅನ್ನ ಮುಟ್ಟದೆ, ಮನೆಯವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದಳು. ಎಲ್ಲರೂ ಇಲ್ಲವೆಂದಿದ್ದರು. ಒಂದು ದಿನ ನನ್ನ ಕೈ ಹಿಡಿದುಕೊಂಡಳು. "ನೀವರ ಹೇಳ್ರಿ, ಕೂಸು ಒಮ್ಮಿನೂ ಅಳಲಿಲ್ಲೇನ್ರಿ?"

"ಅತ್ತಿತ್ತು," ಎಂದೆ. "ಒಮ್ಮಿ."

ಅಂದು ಅವಳು ಹೊಟ್ಟೆ ತುಂಬ ಉಂಡಳು. ನಾನು ಹೇಳಿದ್ದು ಸುಳ್ಳೋ ಖರೆಯೋ, ಇವತ್ತಿಗೂ ನನಗೆ ಗೊತ್ತಿಲ್ಲ.